ಅತ್ತೆಗೆ ರಜೆ, ಅಕ್ಕನಿಗೆ ಹೊಲ

“ತಾತ, ಬೆಂಗಳೂರಿನ ಅತ್ತೆಗೆ ಮನ್ಯಾಗಿದ್ರೂ ಪಗಾರ ಬರ್ತದ. ಹತ್ತಿ ಬಿಡಿಸೋ ಪಕ್ಕದ ಮನಿ ಅಕ್ಕಗ ಯಾಕಿಲ್ಲ?”

ಕವಿತಾಳದ ನಮ್ಮ ಮನೆಕಟ್ಟೆಯ ಮೇಲೆ ಮೊಮ್ಮಗಳು ಕೇಳಿದಳು. ಇಬ್ಬರದೂ ಚೊಚ್ಚಲ ಹೆರಿಗೆ.

1961ರ ಕಾಯ್ದೆ ಕೊಟ್ಟದ್ದು 12 ವಾರದ ರಜೆ. 2017ರಲ್ಲಿ ಮೊದಲೆರಡು ಮಕ್ಕಳಿಗೆ ಅದು 26 ವಾರವಾಯಿತು. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಮಾಲೀಕರು ಸಂಬಳ ಕೊಡಲೇಬೇಕು. ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವಂತಿಲ್ಲ. ಆದರೆ ದಿನಕ್ಕೊಂದು ಹೊಲದಲ್ಲಿ ಕೂಲಿ ಮಾಡುವ ಅಕ್ಕನಿಗೆ ಮಾಲೀಕರು ಯಾರು?

ಅವಳಿಗಿರುವುದು ಮಾತೃವಂದನಾ ಯೋಜನೆ: ಮೊದಲ ಮಗುವಿಗೆ 5,000 ರೂಪಾಯಿ, ತಾಯಿಯ ಖಾತೆಗೇ ಜಮಾ. “26 ವಾರಕ್ಕೆ ಹಂಚಿ ನೋಡು,” ಎಂದೆ.

“ದಿನಕ್ಕ 27 ರೂಪಾಯಿ. ಇಷ್ಟ ಏನು, ತಾತ?”

ಅದಾದರೂ ತಪ್ಪದಿರಲೆಂದು ಮೊಮ್ಮಗಳೇ ಅಕ್ಕನನ್ನು ಅಂಗನವಾಡಿಗೆ ಕರೆದುಕೊಂಡು ಹೋದಳು.