ನೇಪಥ್ಯವಿಲ್ಲದ ರಂಗದಲ್ಲಿ ಬೀಗದ ಕೈ

ಗುಬ್ಬಿ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿನಿಯೊಬ್ಬಳು ಅಪ್ಪನಿಗಾಗಿ ವೆಬ್ ಪುಟವೊಂದನ್ನು ಮಾಡುತ್ತಾಳೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಫೋನ್ ತೆರೆದರೆ ತಿಪಟೂರಿನ ಕೊಬ್ಬರಿ, ತುಮಕೂರಿನ ಹುಣಸೆಹಣ್ಣು, ತಮ್ಮ ತೋಟದ ಅಡಿಕೆ, ಇವುಗಳ ಧಾರಣೆ ಒಂದೇ ಕಡೆ ಕಾಣಬೇಕು. ದೇಶದ ಮಂಡಿಗಳ ದಿನದ ಬೆಲೆಯನ್ನು ಕೇಂದ್ರ ಸರ್ಕಾರದ ಮುಕ್ತ ದತ್ತಾಂಶ ತಾಣವೇ ಕೊಡುತ್ತದೆ. ಅಲ್ಲಿ ಹೆಸರು ನೋಂದಾಯಿಸಿದರೆ ಅಂಕಿ, ಅಕ್ಷರಗಳ ಉದ್ದನೆಯ ಸಾಲೊಂದು ಸಿಗುತ್ತದೆ. ಅದೇ ಎಪಿಐ ಕೀ. ಒಂದು ತಂತ್ರಾಂಶ ಇನ್ನೊಂದರ ಬಾಗಿಲು ತಟ್ಟಿ ಮಾಹಿತಿ ಕೇಳುವುದಕ್ಕೆ ಗೊತ್ತುಮಾಡಿದ ದಾರಿ ಎಪಿಐ. ತಟ್ಟುತ್ತಿರುವವರು ಯಾರು ಎಂದು ಒಳಗಿನವರಿಗೆ ತಿಳಿಸುವುದು ಕೀ.

ಕೋಡ್‌ನೊಳಗೆ ಕೀ ಬರೆಯಬಾರದು ಎಂದು ಅವಳಿಗೆ ಯಾರೋ ಹೇಳಿದ್ದಾರೆ. ಅದಕ್ಕೇ ‘ಡಾಟ್ ಎನ್ವ್’ ಎಂಬ ಬೇರೆ ಫೈಲಿನಲ್ಲಿ ಅದನ್ನಿಟ್ಟು, ಆ ಫೈಲು ಕೋಡ್ ಹಂಚುವ ತಾಣವಾದ ಗಿಟ್‌ಹಬ್‌ಗೆ ಹೋಗದಂತೆ ನೋಡಿಕೊಂಡಿದ್ದಾಳೆ. ಇನ್ನು ಕೀ ಭದ್ರ ಎಂದು ನಂಬಿದ್ದಾಳೆ. ಆ ನಂಬಿಕೆ ಸುಳ್ಳು. ತಪ್ಪು ಅವಳದಲ್ಲ, ಹೇಳಿಕೊಟ್ಟವರು ಅರ್ಧ ಮಾತ್ರ ಹೇಳಿದ್ದಾರೆ.

ಉಳಿದರ್ಧ ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. ಆ ಫೈಲಿಗೆ ಹೆಸರು ಕೊಟ್ಟ ಎನ್ವಿರಾನ್ಮೆಂಟ್ ವೇರಿಯಬಲ್ ಎಂಬ ಏರ್ಪಾಡು ಕಾರ್ಯಾಚರಣಾ ವ್ಯವಸ್ಥೆಯಾದ ಯುನಿಕ್ಸ್‌ನ ಏಳನೆಯ ಆವೃತ್ತಿಯಲ್ಲಿ, 1979ರಲ್ಲಿ ಬಂತು. ಪ್ರೋಗ್ರಾಂ ಓಡುವ ಯಂತ್ರವೇ ಅದಕ್ಕೆ ಬೇಕಾದ ಕೆಲವು ವಿವರಗಳನ್ನು ಹೊರಗಿನಿಂದ ಒದಗಿಸುವ ಕ್ರಮ ಇದು. 2011ರ ಸುಮಾರಿಗೆ ಹೆರೋಕು ಸಂಸ್ಥೆಯವರು ಬರೆದ ‘ಟ್ವೆಲ್ವ್ ಫ್ಯಾಕ್ಟರ್’ ಸೂತ್ರಗಳು ಇದನ್ನೇ ನಿಯಮ ಮಾಡಿದವು: ಗುಟ್ಟುಗಳು ಕೋಡ್‌ನಲ್ಲಿ ಬೇಡ, ಯಂತ್ರದ ಪರಿಸರದಲ್ಲಿರಲಿ. ಒಳ್ಳೆಯ ನಿಯಮವೇ. ಆದರೆ ಅದು ನಮ್ಮ ಹಿಡಿತದಲ್ಲಿರುವ ಸರ್ವರ್‌ಗೆ ಹೇಳಿದ್ದು. ಧಾರಣೆಯ ಪುಟ ಓಡುವುದು ನೋಡುವವರ ಫೋನಿನಲ್ಲಿ. ಅಲ್ಲಿ ಅವಳ ಎನ್ವ್ ಫೈಲು ಎಲ್ಲಿಂದ ಬರಬೇಕು?

ಬರುವುದೇ ಇಲ್ಲ. ಪುಟವನ್ನು ಪ್ರಕಟಣೆಗೆ ಸಿದ್ಧಗೊಳಿಸುವ ಹೊತ್ತಿನಲ್ಲಿ, ಅಂದರೆ ‘ಬಿಲ್ಡ್’ ಮಾಡುವಾಗ, ವೀಟ್‌ನಂಥ ಸಲಕರಣೆಗಳು ಕೋಡ್‌ನಲ್ಲಿ ವೇರಿಯಬಲ್‌ನ ಹೆಸರಿದ್ದ ಜಾಗದಲ್ಲಿ ಅದರ ಮೌಲ್ಯವನ್ನೇ ಅಂಟಿಸಿಬಿಡುತ್ತವೆ. ಎನ್ವ್ ಫೈಲು ಮನೆಯಲ್ಲೇ ಉಳಿಯುತ್ತದೆ; ಅದರೊಳಗಿದ್ದ ಕೀ ಮಾತ್ರ ಪುಟದ ಜೊತೆ ಊರೂರಿಗೆ ಹೋಗುತ್ತದೆ. ಯಾವ ಹೆಸರುಗಳು ಹೀಗೆ ಹೊರಗೆ ಹೋಗಬಹುದು ಎಂಬುದಕ್ಕೆ ಸಲಕರಣೆಗಳು ಗುರುತು ಇಟ್ಟಿವೆ. ಹೆಸರಿನ ಮುಂದೆ ‘ವೀಟ್’ ಎಂದಿದ್ದರೆ ಮಾತ್ರ ವೀಟ್ ಅದನ್ನು ಬ್ರೌಸರ್‌ಗೆ ಬಿಡುತ್ತದೆ. ಇಂಥದೇ ಇನ್ನೊಂದು ಸಲಕರಣೆಯಾದ ನೆಕ್ಸ್ಟ್ ಜೆಎಸ್ ಮಾಡಿದವರಂತೂ ಆ ಗುರುತಿನಲ್ಲೇ ‘ಪಬ್ಲಿಕ್’ ಎಂಬ ಪದವನ್ನು ಸೇರಿಸಿದ್ದಾರೆ. ಅದು ಅಲಂಕಾರವಲ್ಲ, ಎಚ್ಚರಿಕೆ.

ಗುಬ್ಬಿಯವರಿಗೆ ಇದನ್ನು ವಿವರಿಸುವುದು ಸುಲಭ. 1884ರಲ್ಲಿ ಆ ಊರಿನಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡೆಲ್ಲ ಬೆಳಗಿದ ಗುಬ್ಬಿ ಕಂಪನಿಯ ರಂಗದ ಮೇಲಿನ ಚಮತ್ಕಾರಗಳನ್ನು ಜನ ಬಾಯಿಬಿಟ್ಟುಕೊಂಡು ನೋಡಿದರು. ಹಗ್ಗ, ರಾಟೆ, ದೀಪಗಳೆಲ್ಲ ಪರದೆಯ ಹಿಂದಿದ್ದವು. ಪ್ರೇಕ್ಷಕನಿಗೆ ಅಲ್ಲಿಗೆ ಪ್ರವೇಶವಿರಲಿಲ್ಲ. ವೆಬ್ ಪುಟವೂ ಹಾಗೆಯೇ ರಂಗ ಮತ್ತು ನೇಪಥ್ಯ ಎಂದು ಹಲವರು ಭಾವಿಸುತ್ತಾರೆ. ಹಾಗಲ್ಲ. ಬ್ರೌಸರ್‌ನಲ್ಲಿ ಪುಟ ತೆರೆಯುವುದೆಂದರೆ ಕಂಪನಿಯವರು ತಮ್ಮ ಪೆಟ್ಟಿಗೆಗಳನ್ನೆಲ್ಲ, ಹಗ್ಗ, ರಾಟೆ, ನಾಟಕದ ಹಸ್ತಪ್ರತಿ ಸಮೇತ, ಪ್ರತಿಯೊಬ್ಬ ಪ್ರೇಕ್ಷಕನ ಮನೆಯ ಪಡಸಾಲೆಯಲ್ಲಿ ಇಳಿಸಿ ಅಲ್ಲೇ ನಾಟಕ ಆಡಿದಂತೆ. ಪೆಟ್ಟಿಗೆ ತೆರೆದು ನೋಡಬೇಡಿ ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಕಂಪ್ಯೂಟರಿನಲ್ಲಿ ಎಫ್ 12 ಒತ್ತಿ ‘ನೆಟ್‌ವರ್ಕ್’ ಎಂಬಲ್ಲಿ ನೋಡಿದರೆ ಸಾಕು, ಮಂಡಿ ಬೆಲೆ ಕೇಳಿದ ವಿಳಾಸದ ಸಾಲಿನಲ್ಲೇ ಅವಳ ಕೀ ಕಾಣುತ್ತದೆ. ಕೋಡನ್ನು ಎಷ್ಟೇ ಗೋಜಲು ಮಾಡಿದರೂ ಕೀ ಬ್ರೌಸರಿನಿಂದ ಹೊರಡುವಾಗ ಸಿಕ್ಕೇ ಸಿಗುತ್ತದೆ.

ಹಾಗೆಂದು ಎಲ್ಲ ಕೀಗಳೂ ಗುಟ್ಟಲ್ಲ. ಆನ್‌ಲೈನ್ ಪಾವತಿ ನಡೆಸಿಕೊಡುವ ಬೆಂಗಳೂರಿನ ರೇಜರ್‌ಪೇ ಇದನ್ನು ಬಿಡಿಸಿ ತೋರಿಸುತ್ತದೆ. ಕೊಬ್ಬರಿ ಮಾರುವ ಅಂಗಡಿಗೆ ಅದು ಎರಡು ಕೀ ಕೊಡುತ್ತದೆ: ಕೀ ಐಡಿ, ಕೀ ಸೀಕ್ರೆಟ್. ಐಡಿ ಅಂಗಡಿಯ ಬೋರ್ಡಿನ ಹಾಗೆ, ಪುಟದಲ್ಲಿ ಇರಲೇಬೇಕು. ಸೀಕ್ರೆಟ್ ಸರ್ವರ್ ಬಿಟ್ಟು ಕದಲಬಾರದು. ಮೊದಲು ಸರ್ವರ್, ಇಷ್ಟು ರೂಪಾಯಿಯ ಆರ್ಡರ್ ಎಂದು ರೇಜರ್‌ಪೇಯಲ್ಲಿ ಬರೆಸುತ್ತದೆ. ಹಾಗಾಗಿ ಪುಟದಲ್ಲಿ ಯಾರಾದರೂ 1,500 ರೂಪಾಯಿಯನ್ನು 15 ಎಂದು ತಿದ್ದಿದರೂ ನಡೆಯುವುದಿಲ್ಲ. ಹಣ ಕಟ್ಟಿದ ಮೇಲೆ ರೇಜರ್‌ಪೇ ಒಂದು ಸಹಿ ಕಳಿಸುತ್ತದೆ. ಆರ್ಡರ್ ಸಂಖ್ಯೆ, ಪಾವತಿ ಸಂಖ್ಯೆಗಳನ್ನು ಸೀಕ್ರೆಟ್‌ನೊಂದಿಗೆ ಬೆರೆಸಿ ಗಣಿತದಿಂದ ತೆಗೆದ ಸಹಿ ಅದು. ಅಂಗಡಿಯ ಸರ್ವರ್ ತಾನೂ ಅದೇ ಲೆಕ್ಕ ಮಾಡಿ ತಾಳೆ ನೋಡುತ್ತದೆ. ಸೀಕ್ರೆಟ್ ಇಲ್ಲದವನು ಹಣ ಕಟ್ಟಿದೆನೆಂದು ಸುಳ್ಳು ಸಹಿ ಹಾಕಲಾರ. ಸೀಕ್ರೆಟ್ ಬಯಲಾಯಿತೋ, ಈ ಕಟ್ಟುಪಾಡೆಲ್ಲ ಮುರಿದು ಬೀಳುತ್ತದೆ.

ಕೀ ಐಡಿಯಂತೆಯೇ ಗೂಗಲ್ ನಕ್ಷೆಯ ಕೀ ಕೂಡ ಪುಟದಲ್ಲಿ ಕಂಡೇ ಕಾಣುತ್ತದೆ. ಅದನ್ನು ಯಾವ ತಾಣದಿಂದ ಮಾತ್ರ ಬಳಸಬಹುದು, ದಿನಕ್ಕೆ ಎಷ್ಟು ಸಲ ಎಂದು ಗೂಗಲ್ ಖಾತೆಯಲ್ಲೇ ಮಿತಿ ಹಾಕಬೇಕು. ಎರಡನ್ನೂ ಹಾಕಬೇಕು, ಏಕೆಂದರೆ ತಾಣದ ಹೆಸರನ್ನು ನಕಲು ಮಾಡುವ ಪ್ರೋಗ್ರಾಂ ಬರೆಯುವುದು ಕಷ್ಟವಲ್ಲ.

ನನ್ನ ನಿಜವಾದ ಆತಂಕ ಮುಂದಿನದು. ನಮ್ಮ ವಿದ್ಯಾರ್ಥಿನಿ ಕೃತಕ ಬುದ್ಧಿಮತ್ತೆಯ ಸೇವೆಯೊಂದನ್ನು ಪುಟಕ್ಕೆ ಜೋಡಿಸುತ್ತಾಳೆ. ರೈತರು ಕನ್ನಡದಲ್ಲೇ ಪ್ರಶ್ನೆ ಕೇಳಲಿ ಎಂಬ ಒಳ್ಳೆಯ ಆಸೆ. ಆ ಕೀಗೆ ಬಳಸಿದಷ್ಟು ಹಣ. ಕದ್ದವರು ಎಲ್ಲೋ ಕುಳಿತು ಬಳಸಿದರೆ ಬಿಲ್ಲು ಬರುವುದು ಖಾತೆಗೆ ಜೋಡಿಸಿದ ಅಪ್ಪನ ಕಾರ್ಡಿಗೆ.

ಇದಕ್ಕೆ ಪರಿಹಾರ ಕುಣಿಗಲ್ಲಿನಂಥ ಕೆರೆಯೂರಿನಲ್ಲಿ ಹೊಸದೇನಲ್ಲ. ನಮ್ಮ ಸೀಮೆಯ ಕೆರೆಗಳ ತೂಬನ್ನು ರೈತರು ತಾವೇ ಎತ್ತುತ್ತಿರಲಿಲ್ಲ. ಅದಕ್ಕೆ ನೀರುಗಂಟಿ ಇರುತ್ತಿದ್ದ. ಯಾರ ಗದ್ದೆಗೆ ಎಷ್ಟು, ಯಾರ ಪಾಳಿ ಯಾವಾಗ ಎಂದು ತಿಳಿದು ನೀರು ಬಿಡುತ್ತಿದ್ದ. ಪುಟ ಮತ್ತು ಎಪಿಐ ನಡುವೆ ಅಂಥ ನೀರುಗಂಟಿಯನ್ನು ನಿಲ್ಲಿಸಬೇಕು. ಅದು ಹತ್ತಿಪ್ಪತ್ತು ಸಾಲಿನ ಪುಟ್ಟ ಸರ್ವರ್ ಪ್ರೋಗ್ರಾಂ. ವರ್ಸೆಲ್, ನೆಟ್ಲಿಫೈ, ಕ್ಲೌಡ್‌ಫ್ಲೇರ್ ಮುಂತಾದ ಸೇವೆಗಳು ಇದಕ್ಕೆ ಒಂದು ಮಿತಿಯವರೆಗೆ ಬಿಟ್ಟಿ ಜಾಗ ಕೊಡುತ್ತವೆ. ಕೀ ಅಲ್ಲಿನ ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಇರಲಿ, ಅದರ ನಿಜವಾದ ನೆಲೆ ಅದೇ. ಪುಟ ನೀರುಗಂಟಿಯನ್ನು ಕೇಳುತ್ತದೆ, ನೀರುಗಂಟಿ ಎಪಿಐಯನ್ನು. ಒಬ್ಬರೇ ಸಾವಿರ ಸಲ ಕೇಳಿದರೆ ತೂಬು ಮುಚ್ಚುವಂತೆಯೂ ಬರೆಯಬೇಕು, ಇಲ್ಲವಾದರೆ ಕೀ ಕದಿಯದೆಯೇ ಬಿಲ್ಲು ಏರಿಸಬಹುದು. ಮಂಡಿ ಬೆಲೆಯಂತೂ ದಿನಕ್ಕೊಮ್ಮೆ ಬರುವಂಥದ್ದು. ಒಂದು ಸಲ ತಂದಿಟ್ಟುಕೊಂಡು ಸಾವಿರ ಜನಕ್ಕೆ ಹಂಚಬಹುದು.

ಕೀ ಈಗಾಗಲೇ ಹೊರಗೆ ಹೋಗಿದ್ದರೆ? ಇದು ಅಪರೂಪವೇನಲ್ಲ. 2019ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಗಿಟ್‌ಹಬ್‌ನ 1 ಲಕ್ಷಕ್ಕೂ ಹೆಚ್ಚು ಕೋಡ್ ಭಂಡಾರಗಳಲ್ಲಿ ಇಂಥ ಗುಟ್ಟುಗಳನ್ನು ಕಂಡರು. 2016ರಲ್ಲಿ ಊಬರ್‌ನ 5.7 ಕೋಟಿ ಜನರ ವಿವರ ಕಳುವಾದದ್ದು, ಅದರ ಖಾಸಗಿ ಭಂಡಾರದಲ್ಲೇ ಅಮೆಜಾನ್ ಕ್ಲೌಡ್‌ನ ಕೀ ಸಿಕ್ಕಿದ್ದರಿಂದ. ಸಾಲನ್ನು ಅಳಿಸಿದರೆ ಸಾಲದು, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಹಳೆಯದನ್ನೆಲ್ಲ ನೆನಪಿಟ್ಟುಕೊಳ್ಳುತ್ತದೆ. ಆ ಕೀಯನ್ನೇ ರದ್ದು ಮಾಡಿ ಹೊಸದು ಪಡೆಯಬೇಕು, ಅದೂ ಅದೇ ಗಳಿಗೆಯಲ್ಲಿ.

ಪುಟವನ್ನು ಹೊರಬಿಡುವ ಮುನ್ನ ಎರಡು ನಿಮಿಷದ ಒಂದು ಪರೀಕ್ಷೆ ಮಾಡಿ. ಬಿಲ್ಡ್ ಮಾಡಿದಾಗ ವೀಟ್ ‘ಡಿಸ್ಟ್’ ಎಂಬ ಫೋಲ್ಡರ್ ಕಟ್ಟುತ್ತದೆ. ಅದರೊಳಗಿನ ಫೈಲುಗಳಲ್ಲಿ ಕೀಯ ಮೊದಲ ಎಂಟು ಅಕ್ಷರಗಳನ್ನು ಹುಡುಕಿ. ಅವು ಅಲ್ಲಿ ಸಿಕ್ಕರೆ, ಪುಟ ತೆರೆಯುವ ಪ್ರತಿಯೊಬ್ಬರ ಫೋನಿನಲ್ಲೂ ಸಿಗುತ್ತವೆ.