ಬ್ರಿಡ್ಜ್‌ನಲ್ಲಿ 'ಡಬಲ್' ಎಂದರೆ ದಂಡವಷ್ಟೇ ಅಲ್ಲ

ಕಾಶಿಯ ಶಿವಾಲ, ಹತ್ತಿರದ ಹನುಮಾನ್ ಘಾಟ್, ಕರ್ನಾಟಕ ಘಾಟ್‌ಗಳು ಯಾತ್ರೆಗೆ ಹೋಗಿ ಬಂದ ಕನ್ನಡಿಗರಿಗೆ ಪರಿಚಿತ. ಗಂಗಾಸ್ನಾನ, ದರ್ಶನ ಮುಗಿದ ಮಧ್ಯಾಹ್ನ ನಾಲ್ವರು ಹಿರಿಯರು ಸೇರಿದರೆ ಬ್ರಿಡ್ಜ್ ಒಳ್ಳೆಯ ಕಾಲಕ್ಷೇಪ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ 60ರ ಹರೆಯದ ಪ್ರಣಬ್ ಬರ್ಧನ್ ಅವರು ಶಿಬ್‌ನಾಥ್ ಸರ್ಕಾರ್ ಜೊತೆ ಚಿನ್ನ ಗೆದ್ದದ್ದು ಇದೇ ಆಟದಲ್ಲಿ.

ಹೊಸಬರು ಎಡವುವುದು 'ಡಬಲ್' ಕೂಗಿನಲ್ಲಿ. ಎದುರಾಳಿ ಸೋಲುತ್ತಾನೆಂದು ದಂಡ ಹೆಚ್ಚಿಸುವುದು ಅದರ ಮೂಲ ಅರ್ಥ. ಆದರೆ ಎದುರಾಳಿ 'ಎರಡು ಹಾರ್ಟ್' ಎಂದು ಆರಂಭಿಸಿದೊಡನೆ ಹೇಳುವ ಡಬಲ್ ಸಾಮಾನ್ಯವಾಗಿ 'ಟೇಕ್‌ಔಟ್'. 'ನನ್ನಲ್ಲಿ ಹಾರ್ಟ್ ಕಡಿಮೆ, ಉಳಿದ ಮೂರರಲ್ಲಿ ಒಂದನ್ನು ನೀವೇ ಆರಿಸಿ' ಎಂದು ಜೊತೆಗಾರನಿಗೆ ಸೂಚನೆ. ಜೊತೆಗಾರ 'ಒಂದು ಡೈಮಂಡ್', ಎದುರಾಳಿ 'ಒಂದು ಸ್ಪೇಡ್' ಎಂದ ಮೇಲಿನ ಡಬಲ್ 'ನೆಗೆಟಿವ್'. ಕನಿಷ್ಠ ನಾಲ್ಕು ಹಾರ್ಟ್ ಇವೆಯೆಂದು ತಿಳಿಯಬೇಕು. ಅಮೆರಿಕದ ಆಲ್ವಿನ್ ರಾತ್ ಬಳಕೆಗೆ ತಂದ ಇದಕ್ಕೆ, 1957ರ ಉಪಗ್ರಹದಿಂದಾಗಿ 'ಸ್ಪುಟ್ನಿಕ್' ಎಂಬ ಹೆಸರೂ ಬಂತು.

ಜೊತೆಗಾರ ತಪ್ಪು ತಿಳಿದು ಪಾಸ್ ಎಂದರೆ? ಎರಡು ಹಾರ್ಟ್ ಗೆದ್ದ ಎದುರಾಳಿಗೆ 110ರ ಬದಲು 470 ಅಂಕ. ವಲ್ನರಬಲ್ ಆಗಿದ್ದರೆ 670!

ಆದ್ದರಿಂದ ಎಲೆ ಹಂಚುವ ಮೊದಲೇ ಜೊತೆಗಾರರು ಮಾತಾಡಿಕೊಳ್ಳಬೇಕು. ಆದರೆ ಗುಟ್ಟು ಸಲ್ಲದು. ಎದುರಾಳಿ ಕೇಳಿದರೆ ಒಪ್ಪಂದದ ಅರ್ಥ ಹೇಳಲೇಬೇಕು. ನಂಬಿಕೆಯೇ ಈ ಆಟದ ಬಂಡವಾಳ.