ಡಿ-ಇಂಟರ್‌ಲೇಸಿಂಗ್ ಮತ್ತು ಪರದೆಯ ಅನುಪಾತ

ಡಿ-ಇಂಟರ್‌ಲೇಸಿಂಗ್ ಎಂಬುದು ಹಳೆಯ ದೂರದರ್ಶನ ಪದ್ಧತಿಯಲ್ಲಿ ಒಂದು ಬಿಟ್ಟು ಒಂದರಂತೆ ಗೆರೆಗಳಲ್ಲಿ ದಾಖಲಾದ ದೃಶ್ಯವನ್ನು ಪೂರ್ಣ ಚಿತ್ರಗಳಾಗಿ ಪರಿವರ್ತಿಸುವ ಕ್ರಿಯೆ. ವಿಎಚ್‌ಎಸ್ ಟೇಪುಗಳಲ್ಲಿರುವ ದೃಶ್ಯಗಳನ್ನು ಗಣಕಯಂತ್ರಕ್ಕೆ ಇಳಿಸಿಕೊಳ್ಳುವಾಗ ಇದರೊಂದಿಗೆ ಪರದೆಯ ಅನುಪಾತವನ್ನೂ, ಅಂದರೆ ಅಗಲ ಮತ್ತು ಎತ್ತರಗಳ ಸಂಬಂಧವನ್ನೂ ಗಮನಿಸಬೇಕಾಗುತ್ತದೆ. ಮೊದಲನೆಯದು ದೃಶ್ಯದ ಚಲನೆಗೆ, ಎರಡನೆಯದು ಅದರ ಆಕಾರಕ್ಕೆ ಸಂಬಂಧಿಸಿದೆ.

ಹಿನ್ನೆಲೆ

ಭಾರತವು ಅನುಸರಿಸಿದ ಪಾಲ್ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆಗಳಿದ್ದು, 576 ಗೆರೆಗಳಲ್ಲಿ ದೃಶ್ಯವಿರುತ್ತದೆ. ಸೆಕೆಂಡಿಗೆ 25 ಬಾರಿ ಮಾತ್ರ ಬೆಳಗಿದರೆ ಹಳೆಯ ಗಾಜಿನ ಪರದೆ ಮಿನುಗುತ್ತದೆ. 50 ಪೂರ್ಣ ಚಿತ್ರಗಳನ್ನು ಕಳುಹಿಸಲು ಪ್ರಸಾರದ ತರಂಗವ್ಯಾಪ್ತಿ ಇಮ್ಮಡಿಯಾಗಬೇಕು. ಇದಕ್ಕೆ ಕಂಡುಕೊಂಡ ಉಪಾಯವೇ ಇಂಟರ್‌ಲೇಸಿಂಗ್. ಮೊದಲು ಬೆಸ ಸಂಖ್ಯೆಯ ಗೆರೆಗಳನ್ನು, ಅನಂತರ ಸಮ ಸಂಖ್ಯೆಯ ಗೆರೆಗಳನ್ನು ಕಳುಹಿಸಲಾಗುತ್ತದೆ. ಇಂತಹ ಪ್ರತಿಯೊಂದು ಅರ್ಧಚಿತ್ರಕ್ಕೆ ಫೀಲ್ಡ್ ಎಂದು ಹೆಸರು. ಹೀಗೆ ಸೆಕೆಂಡಿಗೆ 50 ಫೀಲ್ಡ್‌ಗಳು ಮೂಡುತ್ತವೆ.

ಇಂದಿನ ಚಪ್ಪಟೆ ಪರದೆಗಳು ಪೂರ್ಣ ಚಿತ್ರಗಳನ್ನು ತೋರಿಸುತ್ತವೆ. ಎರಡು ಫೀಲ್ಡ್‌ಗಳ ನಡುವೆ ಸೆಕೆಂಡಿನ 50ನೆಯ ಒಂದು ಭಾಗದಷ್ಟು ಅಂತರವಿರುವುದರಿಂದ ಅವುಗಳನ್ನು ಹಾಗೆಯೇ ಜೋಡಿಸಿದರೆ ಚಲಿಸುವ ವಸ್ತುವಿನ ಅಂಚು ಬಾಚಣಿಗೆಯ ಹಲ್ಲುಗಳಂತೆ ಕಾಣುತ್ತದೆ.

ವಿಧಾನಗಳು

ಹೆಣೆಯುವುದು: ಎರಡು ಫೀಲ್ಡ್‌ಗಳ ಗೆರೆಗಳನ್ನು ಒಂದುಗೂಡಿಸಲಾಗುತ್ತದೆ. ಸ್ಥಿರ ದೃಶ್ಯಕ್ಕೆ ಇದು ಉತ್ತಮ. ಫಿಲ್ಮಿನಿಂದ ಪಾಲ್ ಪದ್ಧತಿಗೆ ಇಳಿಸಿದ ಚಲನಚಿತ್ರಗಳಲ್ಲಿ ಎರಡೂ ಫೀಲ್ಡ್‌ಗಳು ಸಾಮಾನ್ಯವಾಗಿ ಒಂದೇ ಕ್ಷಣದವಾಗಿರುವುದರಿಂದ ಅಲ್ಲಿ ಹೆಣೆದರೆ ಸಾಕು.

ಬಿಡಿಯಾಗಿ ಹಿಗ್ಗಿಸುವುದು: ಪ್ರತಿ ಫೀಲ್ಡಿನ ಬಿಟ್ಟುಹೋದ ಗೆರೆಗಳನ್ನು ಅಕ್ಕಪಕ್ಕದ ಗೆರೆಗಳಿಂದ ಊಹಿಸಿ ತುಂಬಲಾಗುತ್ತದೆ. ಚಲನೆ ನಯವಾಗಿ ಉಳಿದರೂ ಸೂಕ್ಷ್ಮ ವಿವರಗಳು ಕುಂದುತ್ತವೆ.

ಬೆರೆಸುವುದು: ಎರಡು ಫೀಲ್ಡ್‌ಗಳ ಸರಾಸರಿ ತೆಗೆಯಲಾಗುತ್ತದೆ. ಹಲ್ಲುಗಳು ಮರೆಯಾದರೂ ಚಲಿಸುವ ವಸ್ತುವಿಗೆ ಜೋಡಿ ನೆರಳು ಬರುತ್ತದೆ.

ಚಲನೆಯನ್ನು ಅನುಸರಿಸುವುದು: ನಿಶ್ಚಲ ಭಾಗಗಳನ್ನು ಹೆಣೆದು, ಚಲಿಸುವ ಭಾಗಗಳನ್ನು ಮಾತ್ರ ಊಹೆಯಿಂದ ತುಂಬಲಾಗುತ್ತದೆ. ಎಫ್‌ಎಫ್‌ಎಂಪೆಗ್ ತಂತ್ರಾಂಶದ ಯಾಡಿಫ್ ಶೋಧಕವು ಹಿಂದಿನ ಮತ್ತು ಮುಂದಿನ ಫೀಲ್ಡ್‌ಗಳನ್ನು ಹೋಲಿಸಿ ಗೆರೆಗಳನ್ನು ತುಂಬುತ್ತದೆ.

ಫೀಲ್ಡ್‌ಗಳ ಸರದಿಯೂ ಮುಖ್ಯ. ಅದು ತಲೆಕೆಳಗಾದರೆ ಚಲನೆಯು ಮುಂದಕ್ಕೂ ಹಿಂದಕ್ಕೂ ಜಗ್ಗಿದಂತೆ ತೋರುತ್ತದೆ.

ಪರದೆಯ ಅನುಪಾತ

ಹಳೆಯ ದೂರದರ್ಶನದ ಅನುಪಾತ 4:3, ಇಂದಿನದು 16:9. ಚಲನಚಿತ್ರಗಳು ಇನ್ನೂ ಅಗಲವಾಗಿರಬಹುದು: ಗುರುದತ್ ನಿರ್ದೇಶನದ 'ಕಾಗಜ್ ಕೆ ಫೂಲ್' (1959) ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ.

4:3 ಚಿತ್ರವನ್ನು 1920×1080 ಪರದೆಯಲ್ಲಿ ಸರಿಯಾಗಿ ತೋರಿಸಿದಾಗ ಅದು 1440×1080 ಬಿಂದುಗಳನ್ನು ಆವರಿಸಿ, ಎರಡೂ ಬದಿಗಳಲ್ಲಿ 240 ಬಿಂದುಗಳಷ್ಟು ಕಪ್ಪುಪಟ್ಟಿ ಉಳಿಯುತ್ತದೆ. ಪಟ್ಟಿಯನ್ನು ತಪ್ಪಿಸಲು ಅಡ್ಡಲಾಗಿ ಎಳೆದರೆ ಅಗಲವು ಮೂರನೆಯ ಒಂದು ಭಾಗದಷ್ಟು ಹೆಚ್ಚಿ, ವೃತ್ತವು ಅಂಡಾಕಾರ ತಾಳುತ್ತದೆ, ಮುಖಗಳು ಊದಿದಂತೆ ಕಾಣುತ್ತವೆ. ಮೇಲೆ ಕೆಳಗೆ ಕತ್ತರಿಸಿದರೆ ಚಿತ್ರದ ಕಾಲುಭಾಗ ನಷ್ಟವಾಗುತ್ತದೆ.

ಡಿವಿಡಿಯಲ್ಲಿ ಪಾಲ್ ಚಿತ್ರವು ಸಾಮಾನ್ಯವಾಗಿ 720×576 ಬಿಂದುಗಳಲ್ಲಿ ಇರುತ್ತದೆ. ಈ ಬಿಂದುಗಳು ಚೌಕಾಕಾರದವಲ್ಲ. ಆದುದರಿಂದ ಅದೇ ದತ್ತಾಂಶವನ್ನು 4:3 ಆಗಿದ್ದರೆ ಸುಮಾರು 768×576, 16:9 ಆಗಿದ್ದರೆ ಸುಮಾರು 1024×576 ಅಳತೆಗೆ ಹಿಗ್ಗಿಸಿ ತೋರಿಸಬೇಕು.

ಕಾರ್ಯಕ್ರಮ

ಮೊದಲು ಡಿ-ಇಂಟರ್‌ಲೇಸಿಂಗ್, ಅನಂತರ ಅಳತೆಯ ಬದಲಾವಣೆ ಎಂಬುದು ಸರಿಯಾದ ಕ್ರಮ. ಎತ್ತರವನ್ನು ಮೊದಲೇ ಬದಲಿಸಿದರೆ ಎರಡು ಫೀಲ್ಡ್‌ಗಳ ಗೆರೆಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಆಮೇಲೆ ಅವುಗಳನ್ನು ಬೇರ್ಪಡಿಸಿ ಮೂಲರೂಪಕ್ಕೆ ತರಲಾಗದು. ಸೆಕೆಂಡಿಗೆ 25 ಚಿತ್ರಗಳನ್ನಷ್ಟೇ ಉಳಿಸಿಕೊಂಡರೆ ವಿಡಿಯೋ ಕ್ಯಾಮೆರಾ ಸೆರೆಹಿಡಿದ ಚಲನೆಯ ನಯವೂ ಅರ್ಧದಷ್ಟು ಕಳೆದುಹೋಗುತ್ತದೆ. ಪ್ರತಿ ಫೀಲ್ಡಿಗೆ ಒಂದರಂತೆ 50 ಚಿತ್ರಗಳನ್ನು ಪಡೆದರೆ ಅದು ಉಳಿಯುತ್ತದೆ. ಟೇಪುಗಳು ಕಾಲಕ್ರಮದಲ್ಲಿ ಹಾಳಾಗುವುದರಿಂದ ಒಮ್ಮೆ ಮಾಡಿದ ಪ್ರತಿಯೇ ಕೊನೆಯ ದಾಖಲೆಯಾಗಬಹುದು. ಆದಕಾರಣ ವೀಕ್ಷಣೆಗೆ ಪರಿವರ್ತಿತ ಪ್ರತಿಯನ್ನು ಸಿದ್ಧಪಡಿಸಿದರೂ, ಇಂಟರ್‌ಲೇಸ್ ಆಗಿರುವ ಮೂಲ ಕಡತವನ್ನು ಬದಲಿಸದೆ ಕಾಯ್ದಿರಿಸುವುದು ಉಚಿತ.